ಜಾಮೀನು ಹಲಗೆ

ಮಾರ್ಚ್ ಹನ್ನೊಂದು, ಬೆಳಗ್ಗೆ ಹತ್ತೂಕಾಲು. ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಅವರ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಏನೋ ಒಂದಿತ್ತು. ಅದನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟು, ಮಗುವಿನ ಹೊದಿಕೆ ಸರಿಸುವವರಂತೆ ಮೆಲ್ಲಗೆ ಟವೆಲ್ ಬಿಚ್ಚಿದರು. ಒಳಗಿದ್ದದ್ದು ಮರದ ಹಲಗೆ. ದಪ್ಪ ಪುಸ್ತಕದಷ್ಟು ಉದ್ದ, ಅಷ್ಟೇ ಅಗಲ. ಮೈಗೆಲ್ಲ ಕೆಂಪು ಬಣ್ಣ ಬಳಿದು ಮೇಲೆ ಮೆರುಗೆಣ್ಣೆ ಕೊಟ್ಟಿದ್ದರು.

"ಏನಿದು ಸಾರ್?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

"ಪುಸ್ತಕ," ಎಂದರು ನಿರ್ದೇಶಕರು. ಆಮೇಲೆ ತಾವೇ ತಿದ್ದಿಕೊಂಡರು. "ಅಂದ್ರೆ, ಪುಸ್ತಕ ಆಗಿತ್ತು."

ಬಾಗಿಲ ಬಳಿ ನಿಂತಿದ್ದ ಮುಖ್ಯಪೇದೆ ಮೂಗಿನೊಳಗೇ ಏನೋ ಅಂದ. ಅವನು ಮೂಗಿನೊಳಗೇ ಮಾತಾಡುವುದು ಹೆಚ್ಚು. ಅದಕ್ಕೇ ಇಡೀ ಠಾಣೆ ಅವನನ್ನು ಗೊಣಗಪ್ಪ ಎಂದೇ ಕರೆಯುತ್ತಿತ್ತು. ಅವನ ಸ್ವಂತ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ನಿರ್ದೇಶಕರು ನೀರು ಕುಡಿದು ವಿಷಯ ಹೇಳಿದರು. ಗ್ರಂಥಾಲಯವನ್ನು ಹೊಸ ಕಟ್ಟಡಕ್ಕೆ ಸಾಗಿಸುವ ಕೆಲಸ ಮುಗಿಯುತ್ತ ಬಂದಿದೆ. ಹಳೆಯ ಪುಸ್ತಕಗಳನ್ನು ಲ್ಯಾಬಿನಲ್ಲಿ ಶುಚಿ ಮಾಡಿ, ಡಬ್ಬಿಗೆ ಹಾಕಿ ಮೊಹರು ಮಾಡಿ, ಹೊಸ ಉಗ್ರಾಣಕ್ಕೆ ಕಳಿಸುತ್ತಾರೆ. ಉಗ್ರಾಣದೊಳಗೆ ಮನುಷ್ಯರಿಲ್ಲ. ಡಬ್ಬಿ ಇಡುವುದೂ ತೆಗೆಯುವುದೂ ಯಂತ್ರವೇ. ನಿನ್ನೆ ಒಬ್ಬ ಸಂಶೋಧಕಿ ಪುಸ್ತಕ ಕೇಳಿದಳು. ಯಂತ್ರ ಡಬ್ಬಿ ತಂದುಕೊಟ್ಟಿತು. ಮೊಹರು ಒಡೆದರೆ ಒಳಗೆ ಈ ಹಲಗೆ. ಇದೂ ಹೊಸ ಪದ್ಧತಿಯೇ ಇರಬೇಕೆಂದು ಆಕೆ ಪಾಪ ಸುಮಾರು ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳಂತೆ.

"ಒಂದೇನಾ?"

"ಗಾಬರಿಯಾಗಿ ಅಕ್ಕಪಕ್ಕದ ಡಬ್ಬಿಗಳನ್ನೂ ತರಿಸಿದ್ವಿ. ಒಟ್ಟು ಮೂವತ್ತಾರು. ಎಲ್ಲದರಲ್ಲೂ ಇದೇ. ಮೊಹರು ಒಂದೂ ಒಡೆದಿಲ್ಲ ಇನ್‌ಸ್ಪೆಕ್ಟ್ರೇ. ಒಳಗೆ ಯಾರೂ ಹೋಗೋಕಾಗಲ್ಲ. ಪುಸ್ತಕಗಳು ಕತ್ತಲಲ್ಲಿ ಕೂತಕೂತಲ್ಲೇ..." ಅವರು ಮಾತು ಮುಗಿಸಲಿಲ್ಲ. ಓದಿದ ಮನುಷ್ಯ, ನಾಚಿಕೆಯಾಗಿರಬೇಕು.

"ಮರ ಆದವು," ಎಂದು ಗೊಣಗಪ್ಪ ಮುಗಿಸಿಕೊಟ್ಟ.

ಕಳವು ಎಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರಿಗೆ ಪುಸ್ತಕದ ಸಹವಾಸ ಅಷ್ಟಕ್ಕಷ್ಟೇ. ಹೆಂಡತಿ ಓದುತ್ತಿದ್ದರೆ ಪಕ್ಕದಲ್ಲಿ ನಿದ್ದೆ ಹೋಗುವ ಜಾತಿ ಅವರದು. ಆದರೆ ಜೀಪು ಹತ್ತುವಾಗ ಆ ಕೆಂಪು ಹಲಗೆಯನ್ನು ಅವರು ತಮ್ಮ ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಹೊಸ ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಹೊರಗಿನ ಗಾಜಿನ ಕೋಣೆಯಲ್ಲಿ ಯಂತ್ರ ನೋಡಿಕೊಳ್ಳುವ ಯುವತಿ ಕೂತಿದ್ದಳು. ಪುಸ್ತಕಕ್ಕೆ ಬೆಂಕಿ ಬೀಳದಿರಲೆಂದು ಒಳಗಿನ ಗಾಳಿಯಿಂದ ಆಮ್ಲಜನಕವನ್ನೇ ಕಡಿಮೆ ಮಾಡಿದ್ದೇವೆ ಎಂದು ಆಕೆ ವಿವರಿಸಿದಳು. ಐದು ನಿಮಿಷ ಹೋಗಿ ಬರಬಹುದು. ಓಡಬಾರದು, ಭಾರ ಎತ್ತಬಾರದು.

ಇನ್‌ಸ್ಪೆಕ್ಟರ್, ಗೊಣಗಪ್ಪ ಇಬ್ಬರೂ ಒಳಗೆ ಹೋದರು. ತಲೆಗೆ ಕಟ್ಟಿದ ದೀಪದ ಬೆಳಕು ಮೇಲೆ ಮೇಲೆ ಹೋಗಿ ಎಲ್ಲೋ ಕಳೆದುಹೋಯಿತು. ಎರಡೂ ಕಡೆ ಡಬ್ಬಿಗಳ ಗೋಡೆ. ಆ ಗೋಡೆಗಳ ನಡುವೆ ಎತ್ತರದ ಕಂಬವೊಂದು ತನ್ನಷ್ಟಕ್ಕೆ ಜಾರಿಕೊಂಡು ಬಂದು, ಅವರ ಹತ್ತಿರ ನಿಂತು, ಒಂದು ಡಬ್ಬಿ ಎಳೆದುಕೊಂಡು ಕತ್ತಲೊಳಗೆ ಹಿಂದಿರುಗಿತು. ಸದ್ದೇ ಇರಲಿಲ್ಲ. ಗೊಣಗಪ್ಪ ಪರೀಕ್ಷೆಗೆಂದು ಲೈಟರ್ ಒತ್ತಿದ. ಕಿಡಿ ಹಾರಿತೇ ಹೊರತು ಬೆಂಕಿ ಹತ್ತಲಿಲ್ಲ. ಮತ್ತೆ ಮತ್ತೆ ಒತ್ತಿದ. ಹತ್ತಲೇ ಇಲ್ಲ.

"ಸಾರ್, ನಮ್ಮತ್ತೆ ಮನೇಲೂ ಇಷ್ಟು ಉಸಿರು ಕಟ್ಟಲ್ಲ. ಹೋಗೋಣ ಬನ್ನಿ," ಎಂದ. ಅವನ ದನಿ ಸಣ್ಣದಾಗಿತ್ತು. ಇನ್‌ಸ್ಪೆಕ್ಟರಿಗೂ ಎದೆ ಭಾರವಾಗಿತ್ತು. ಬೆನ್ನ ಹಿಂದೆ ಯಾರೋ ಪುಟ ತಿರುವಿದಂತೆನಿಸಿ ಅವರು ಒಮ್ಮೆ ತಿರುಗಿಯೂ ನೋಡಿದರು. ಯಾರೂ ಇರಲಿಲ್ಲ.

ಹೊರಗೆ ಬಂದು ಉಸಿರು ಸರಿಮಾಡಿಕೊಂಡ ಮೇಲೆ ಅವರು ಯುವತಿಯನ್ನು ಕೇಳಿದರು. "ಡಬ್ಬಿ ಒಳಗೆ ಹೋಗುವಾಗ ತೂಕ ಮಾಡ್ತೀರಾ?"

"ಹೋಗುವಾಗಲೂ ಬರುವಾಗಲೂ. ಯಂತ್ರವೇ ಮಾಡುತ್ತೆ."

"ಆ ಮೂವತ್ತಾರರದ್ದು ಹೋಲಿಸಿ."

ಆಕೆ ಪರದೆ ನೋಡಿದಳು. ಮೊದಲು ಹುಬ್ಬೇರಿಸಿದಳು, ಆಮೇಲೆ ನಕ್ಕಳು. "ಒಂದು ಗ್ರಾಮೂ ವ್ಯತ್ಯಾಸ ಇಲ್ಲ ಸಾರ್."

ಅಂದರೆ ಪುಸ್ತಕ ಒಳಗೆ ಮರವಾಗಲಿಲ್ಲ. ಮರವೇ ಒಳಗೆ ಹೋಗಿತ್ತು. ನಿರ್ದೇಶಕರು ಹೋದ ಜೀವ ಬಂದವರಂತೆ ಕುರ್ಚಿಯಲ್ಲಿ ಕೂತರು. ಇನ್‌ಸ್ಪೆಕ್ಟರ್ ಮಾತ್ರ ಕೂರಲಿಲ್ಲ. ಉಗ್ರಾಣಕ್ಕೆ ಮುಂಚಿನ ಮನೆ ಲ್ಯಾಬು.

ಲ್ಯಾಬಿನ ಮುಖ್ಯಸ್ಥೆಗೆ ನಲವತ್ತೈದರ ಮೇಲೆ ವಯಸ್ಸು. ವಿದೇಶದಲ್ಲಿ ಓದಿ ಬಂದವರು, ಹಳೆಯ ಕಾಗದ ಉಳಿಸುವುದರಲ್ಲಿ ದೊಡ್ಡ ಹೆಸರು ಎಂದು ನಿರ್ದೇಶಕರು ದಾರಿಯಲ್ಲೇ ಹೇಳಿದ್ದರು. ಅಗಲವಾದ ತಟ್ಟೆಯಲ್ಲಿ ಒಂದು ಹಾಳೆ ನೀರಿನಲ್ಲಿ ತೇಲುತ್ತಿತ್ತು. ಅದರ ಅಂಚಿನ ಕಪ್ಪು ನಿಧಾನಕ್ಕೆ ನೀರಿಗೆ ಬಿಡುತ್ತಿತ್ತು. ಆಕೆ ಕೈಗವಸು ಬಿಚ್ಚದೆಯೇ ಉತ್ತರ ಕೊಟ್ಟರು.

"ಡಬ್ಬಿಗೆ ಪುಸ್ತಕ ತುಂಬೋರು ಯಾರು?"

"ನಾನು ಮತ್ತೆ ಇಬ್ಬರು ಸಹಾಯಕರು."

"ಮೊಹರು?"

"ನಾನೇ."

"ಮೂವತ್ತಾರು ಪುಸ್ತಕ ಮರ ಆಗಿರೋದು ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಎಲ್ಲರ ಜೊತೆ." ಆಕೆ ಹಾಳೆಯ ಕಡೆಯೇ ನೋಡುತ್ತಿದ್ದರು. "ಎಫ್‌ಐಆರ್ ಆಯ್ತಾ ಸಾರ್?"

"ಆಯ್ತು."

"ದೂರಷ್ಟೇ ಅಲ್ಲ ತಾನೆ? ಎಫ್‌ಐಆರೇ ಆಯ್ತಲ್ಲ?"

"ಎಫ್‌ಐಆರೇ. ಯಾಕೆ?"

"ಸುಮ್ಮನೆ ಕೇಳಿದೆ," ಎಂದರು ಆಕೆ.

ಮೂವತ್ತು ವರ್ಷದ ನೌಕರಿಯಲ್ಲಿ ಎಫ್‌ಐಆರ್ ಬೇಡ ಎಂದು ಕಾಲು ಹಿಡಿದವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ನೋಡಿದ್ದರು. ಆಗಿದೆಯೋ ಇಲ್ಲವೋ ಎಂದು ಎರಡೆರಡು ಸಲ ಕೇಳಿ ಸಮಾಧಾನಪಟ್ಟುಕೊಂಡವರನ್ನು ಇದೇ ಮೊದಲು ನೋಡಿದ್ದು.

ಮರುದಿನ ಮಧ್ಯಾಹ್ನ ಬೆರಳಚ್ಚು ತಜ್ಞೆ ಠಾಣೆಗೆ ಬಂದರು. ಹಲಗೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ನಿರ್ದೇಶಕರನ್ನೂ ಕರೆಸಲಾಗಿತ್ತು.

"ಡಬ್ಬಿ ತೆರೆದ ಮೇಲೆ ಮುಟ್ಟಿದವರದು ಬಿಟ್ಟರೆ ಮೇಲ್ಗಡೆ ಒಂದೂ ಬೆರಳಿಲ್ಲ ಸಾರ್. ಒಳಗಿಟ್ಟವರು ಕೈಗವಸು ಹಾಕ್ಕೊಂಡೇ ಮುಟ್ಟಿದ್ದಾರೆ," ಎಂದರು ತಜ್ಞೆ. "ಆದ್ರೆ ಕೆಳಗಡೆ ನೋಡಿ."

ಪ್ರತಿ ಹಲಗೆಯ ಬುಡದಲ್ಲೂ ಹೆಬ್ಬೆರಳಿನ ಗುರುತಿತ್ತು. ಹಸಿ ಬಣ್ಣದ ಮೇಲೆ ಒತ್ತಿದ್ದು. ಗೆರೆಗೆರೆಯೂ ಕಾಣುತ್ತಿತ್ತು.

"ಮೂವತ್ತಾರಕ್ಕೂ ಒಂದೇ ಹೆಬ್ಬೆರಳು. ಗುರುತಿನ ಮೇಲೆ ಮೆರುಗೆಣ್ಣೆ ಇದೆ, ಆ ಮೆರುಗೆಣ್ಣೆ ಹಳೇದಾಗಿ ಬಿರುಕು ಬಿಟ್ಟಿದೆ. ಒತ್ತಿ ಹತ್ತಾರು ವರ್ಷ ಆಗಿರಬೇಕು. ನಮ್ಮ ದಫ್ತರಿನಲ್ಲಿ ಇಂಥ ಹೆಬ್ಬೆರಳು ಇಲ್ಲ."

ಇನ್‌ಸ್ಪೆಕ್ಟರ್ ನಿರ್ದೇಶಕರ ಕಡೆ ತಿರುಗಿದರು. ಗ್ರಂಥಾಲಯದ ಚರಿತ್ರೆಯನ್ನು ಅವರೇ ಬರೆಯುತ್ತಿದ್ದರು. ಹೊಸ ಕಟ್ಟಡದ ಹಜಾರದಲ್ಲಿ ಅದನ್ನು ದೊಡ್ಡ ಫಲಕಗಳಲ್ಲಿ ಹಾಕುವುದಿತ್ತು. ಚರಿತ್ರೆ ಎಂದ ಕೂಡಲೇ ಅವರಿಗೆ ದನಿ ಬಂತು. ಕುದುರೆ ಲಾಯವೊಂದರಲ್ಲಿ ಮೊದಲಾದ ಗ್ರಂಥಾಲಯವಂತೆ. ಆಮೇಲೆ ಕಬ್ಬಿಣದ ಕಪಾಟುಗಳ ಏಳು ಮಹಡಿ. ಆ ಕಾಲದಲ್ಲಿ ಮಹಡಿಗೊಬ್ಬ ಅಟೆಂಡರು. ಓದುಗರಿಗೆ ಪುಸ್ತಕ ತೆಗೆದುಕೊಟ್ಟಾಗ ಖಾಲಿಯಾದ ಜಾಗದಲ್ಲಿ ಅವನು ತನ್ನ ಹಲಗೆ ನಿಲ್ಲಿಸಬೇಕು. ಪುಸ್ತಕಕ್ಕೆ ಅದು ಜಾಮೀನು. ಜಾಮೀನು ಹಲಗೆ ಎಂದೇ ಕರೆಯುತ್ತಿದ್ದರು.

"ನಮ್ಮಲ್ಲಿ ಮನುಷ್ಯರಿಗೆ, ಇವರಲ್ಲಿ ಪುಸ್ತಕಕ್ಕೆ," ಎಂದ ಗೊಣಗಪ್ಪ.

"ತುಂಬಾ ಜನ ಅಟೆಂಡರಿಗೆ ಸಹಿ ಬರ್ತಿರಲಿಲ್ಲ. ಅದಕ್ಕೆ ಹೆಬ್ಬೆಟ್ಟು. ಈ ಗುರುತು ನೋಡೋವರೆಗೆ ನನಗೂ ಹೊಳೀಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಹಲಗೆ ನೋಡಿದ ತಕ್ಷಣ ಪುಸ್ತಕ ಯಾರ ಕೈಯಲ್ಲಿದೆ ಅಂತ ಗೊತ್ತಾಗಬೇಕು."

"ಸರಿ. ಕೆಂಪು ಯಾರದು?"

ನಿರ್ದೇಶಕರ ದನಿ ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಹೋಯಿತು. ಅವರು ಸಾಲಾಗಿ ನಿಂತ ಹಲಗೆಗಳನ್ನು ಈಗ ತಾನೇ ಕಂಡವರಂತೆ ನೋಡಿದರು.

"ಐದನೇ ಮಹಡಿಯವನದು."

"ಎಲ್ಲಿದ್ದಾನೆ?"

"ಸತ್ತು ನಲವತ್ತು ವರ್ಷ ಆಯ್ತು. ಐದನೇ ಮಹಡಿಗೆ ಬೆಂಕಿ ಬಿತ್ತಲ್ಲ, ಅದರಲ್ಲೇ. ಆ ಬೆಂಕಿ ಹತ್ತಿದ್ದೂ ಅವನ ಸ್ಟವ್‌ನಿಂದ. ಚಹಾ ಕಾಯಿಸೋಕೆ ಇಟ್ಟುಕೊಂಡಿದ್ನಂತೆ. ಬೆಂಕಿ ಕಂಡ ತಕ್ಷಣ ಪುಸ್ತಕ ಬಿಟ್ಟು ಓಡಿದ, ಮೆಟ್ಟಿಲಲ್ಲಿ ಹೊಗೆಗೆ ಸಿಕ್ಕಿಬಿದ್ದ. ಆಗಿನ ವಿಚಾರಣಾ ವರದಿಯಲ್ಲಿ ಹಾಗೇ ಇದೆ. ಫಲಕದಲ್ಲೂ ಹಾಗೇ ಹಾಕಿಸಿದ್ದೀನಿ." ಅವರು ಗಂಟಲು ಸರಿಮಾಡಿಕೊಂಡರು. "ಕಾಣೆಯಾದ ಮೂವತ್ತಾರೂ ಐದನೇ ಮಹಡಿಯ ಪುಸ್ತಕಗಳೇ."

ಹಲಗೆಗಳು ಹೇಳುತ್ತಿದ್ದದ್ದು ಸ್ಪಷ್ಟವಾಗಿತ್ತು. ಪುಸ್ತಕ ತೆಗೆದುಕೊಂಡು ಹೋದವನು ಆ ಸತ್ತ ಮನುಷ್ಯ. ಗೊಣಗಪ್ಪ ಮೆಲ್ಲಗೆ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ತಜ್ಞೆ ಫ್ಯಾನ್ ಜೋರು ಮಾಡಲೆಂದು ಎದ್ದು, ಅದು ಜೋರಾಗಿಯೇ ಇರುವುದನ್ನು ಕಂಡು ಮತ್ತೆ ಕೂತರು.

ಇನ್‌ಸ್ಪೆಕ್ಟರ್ ಯೋಚಿಸುತ್ತಿದ್ದದ್ದು ಬೇರೆ. ಹೊರಗಿನ ಕಳ್ಳನಾಗಿದ್ದರೆ ಡಬ್ಬಿಗೆ ಇಟ್ಟಿಗೆ ತುಂಬುತ್ತಿದ್ದ, ಇಲ್ಲವೇ ರದ್ದಿ. ಬಿಟ್ಟ ಜಾಗಕ್ಕೆ ಜಾಮೀನು ನಿಲ್ಲಿಸಿ ಹೋಗುವ ಕಳ್ಳ ಇದೇ ಮನೆಯವನು.

"ಈ ಹಲಗೆಗಳು ಎಲ್ಲಿದ್ದವು?"

"ಹಳೇ ಕಟ್ಟಡದಲ್ಲಿ. ಐದನೇ ಮಹಡೀಲಿ, ಬೆಂಕಿ ತಲುಪದ ಮೂಲೇಲಿ ರಾಶಿ ಬಿದ್ದಿದ್ದವು. ಈಗ ಅಲ್ಲಿ ಏನೂ ಇಲ್ಲ. ಪೂರ್ತಿ ಖಾಲಿ."

"ಬನ್ನಿ, ನೋಡೋಣ."

ಮಧ್ಯಾಹ್ನ ಮೂರರ ಬಿಸಿಲಿನಲ್ಲೂ ಹಳೆಯ ಕಟ್ಟಡದ ಒಳಗೆ ತಣ್ಣಗಿತ್ತು. ಪಂಚ ಸಾಕ್ಷಿಗಳಾಗಿ ಗೇಟಿನ ಕಾವಲುಗಾರ ಮತ್ತು ಸಾಮಾನು ಸಾಗಿಸುವ ಲಾರಿಯ ಚಾಲಕ ಬಂದಿದ್ದರು. ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದರೆ ಒಬ್ಬರ ಹೆಜ್ಜೆಯ ಸದ್ದು ಇನ್ನೊಬ್ಬರ ಹಿಂದಿನಿಂದ ಕೇಳುತ್ತಿತ್ತು. ಮಹಡಿ ಮಹಡಿಯಲ್ಲೂ ಬೋಳು ಕಪಾಟುಗಳು. ನಾಲ್ಕನೆಯ ಮಹಡಿ ದಾಟುತ್ತಲೇ ಹೊಗೆಯ ವಾಸನೆ ಶುರುವಾಯಿತು. ನಲವತ್ತು ವರ್ಷದಿಂದ ಅದು ಅಲ್ಲೇ ಮನೆ ಮಾಡಿಕೊಂಡಿತ್ತು.

ಐದನೆಯ ಮಹಡಿಯ ಬಾಗಿಲು ಸುಮ್ಮನೆ ಮುಚ್ಚಿತ್ತು. ಇನ್‌ಸ್ಪೆಕ್ಟರ್ ತಳ್ಳಿದರು. ಉದ್ದನೆಯ ಕೋಣೆ. ಕಿಟಕಿಯ ಸೀಳುಗಳಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಬಿದ್ದಿತ್ತು. ಸಾಲು ಸಾಲು ಖಾಲಿ ಕಪಾಟುಗಳ ನಡುವೆ ಅಲ್ಲೊಂದು ಇಲ್ಲೊಂದು ಪುಸ್ತಕ ತೆರೆದು ನಿಂತಿತ್ತು. ಅವರು ಮೊದಲನೆಯದರ ಹತ್ತಿರ ಹೋದರು. ತೆರೆದ ಪುಟದ ಮೇಲೆ ಒಂದು ಕೈ ಇತ್ತು.

ಹೊಗೆ ಮಸಿಯ ಕೈ. ಐದು ಬೆರಳು, ಅಂಗೈಯ ಗೆರೆ, ಎಲ್ಲವೂ. ಅಚ್ಚಾದ ಸಾಲುಗಳ ಮೇಲೆ ಯಾರೋ ಈಗ ತಾನೇ ಊರಿ ತೆಗೆದಂತಿತ್ತು. ಎರಡನೆಯ ಪುಸ್ತಕದಲ್ಲೂ ಅದೇ ಕೈ. ಮೂರನೆಯದರಲ್ಲಿ ಹೆಬ್ಬೆರಳು ಒಳಗೆ, ಉಳಿದ ಬೆರಳುಗಳು ರಟ್ಟಿನ ಮೇಲೆ. ಅವಸರದಲ್ಲಿ ಬಾಚಿ ಎತ್ತಿಕೊಂಡವನ ಹಿಡಿತ. ಇನ್‌ಸ್ಪೆಕ್ಟರ್ ತಲೆಯೆತ್ತಿ ಕೋಣೆಯುದ್ದಕ್ಕೂ ನೋಡಿದರು. ಆ ತುದಿಯವರೆಗೂ ಕೈಗಳು. ಕಪಾಟುಗಳ ಹಿಂದೆ ಒಬ್ಬ ಮನುಷ್ಯ ನಿಂತು ಅವುಗಳನ್ನು ಬೀಳದಂತೆ ಹಿಡಿದುಕೊಂಡ ಹಾಗೆ ಕಾಣುತ್ತಿತ್ತು. ಸುಳ್ಳು ಹೇಳಬಾರದು, ಒಂದು ಗಳಿಗೆ ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು.

"ಒಂಬತ್ತು ಕಮ್ಮಿ ಇದೆ," ಎಂದಿತು ಒಂದು ದನಿ.

ಲಾರಿ ಚಾಲಕ ಕಿರುಚಿಯೇ ಬಿಟ್ಟ. ಕೊನೆಯ ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಲ್ಯಾಬಿನ ಮುಖ್ಯಸ್ಥೆ ಕೂತಿದ್ದರು. ಕೈಗವಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು.

"ಮೇಡಂ, ನೀವಾ?" ಎಂದರು ನಿರ್ದೇಶಕರು. "ನಾನು ನಿಮ್ಮನ್ನ ಎಷ್ಟು ನಂಬಿದ್ದೆ!"

ಇನ್‌ಸ್ಪೆಕ್ಟರ್ ಕೈಯೆತ್ತಿ ಅವರನ್ನು ತಡೆದರು. "ಪುಸ್ತಕ ತೆಗೆದದ್ದು ನೀವೇನಾ?"

"ನಾನೇ."

"ಹಲಗೆ ಇಟ್ಟಿದ್ದು?"

"ಅದೂ ನಾನೇ."

"ಯಾವ ಒಂಬತ್ತು ಕಮ್ಮಿ?"

"ನಾನು ತೊಳೆದವು." ಆಕೆ ಎದ್ದು ಹತ್ತಿರದ ಪುಸ್ತಕದ ಪಕ್ಕಕ್ಕೆ ಬಂದರು. "ಬೆಂಕಿಯ ರಾತ್ರಿ ಈ ಮಹಡಿಯಿಂದ ಕೆಳಗೆ ಬಿದ್ದ ಪುಸ್ತಕಗಳು ನಲವತ್ತೈದು. ಕಿಟಕಿಯಿಂದ ಯಾರೋ ಎಸೆದಿದ್ರು. ಅಗ್ನಿಶಾಮಕದವರು ಎಸೆದಿರಬೇಕು ಅಂತ ವರದಿ ಬರೆದರು. ಮಸಿ ಹಿಡಿದಿತ್ತು, ಹಾಗೇ ಕಟ್ಟಿ ಇಟ್ಟಿದ್ರು. ಸ್ಕ್ಯಾನ್ ಮಾಡೋಕೆ ಮುಂಚೆ ತೊಳೀಬೇಕು ಅಂತ ಈ ಸಲ ನಮ್ಮ ಲ್ಯಾಬಿಗೆ ಬಂತು. ಮೊದಲ ಒಂಬತ್ತು ತೊಳೆದೆ. ಚೆನ್ನಾಗಿಯೇ ತೊಳೆದೆ. ಒಂದು ಚುಕ್ಕೆ ಉಳಿದಿಲ್ಲ."

"ಆಮೇಲೆ?"

"ಹತ್ತನೇದು ತಾನಾಗೇ ಮುಚ್ಚಿಕೊಳ್ತಿತ್ತು. ಪುಟ ನಿಲ್ಲಲಿ ಅಂತ ಅದರ ಮೇಲೆ ಕೈ ಊರಿದೆ."

ಆಕೆ ಬರಿಗೈಯನ್ನು ಪುಟದ ಮೇಲೆ ಸ್ವಲ್ಪ ಎತ್ತರದಲ್ಲಿ, ಮುಟ್ಟದಂತೆ, ಹಿಡಿದು ತೋರಿಸಿದರು. ಆಕೆಯ ಕಿರುಬೆರಳು ತುದಿಯಲ್ಲಿ ಒಳಕ್ಕೆ ಬಾಗಿತ್ತು. ಕೆಳಗಿನ ಮಸಿಯ ಕಿರುಬೆರಳೂ ಹಾಗೇ ಬಾಗಿತ್ತು. ಗೊಣಗಪ್ಪ ಎರಡನ್ನೂ ನೋಡಿ, ತಲೆಯ ಮೇಲಿನ ಟೋಪಿ ತೆಗೆದ. ಯಾಕೆ ತೆಗೆದೆನೆಂದು ಅವನಿಗೂ ಗೊತ್ತಿರಲಿಲ್ಲ.

"ನಿಮ್ಮ ತಂದೆಯಾ?" ಎಂದರು ಇನ್‌ಸ್ಪೆಕ್ಟರ್.

"ಹೂಂ. ನನಗಾಗ ಆರು ವರ್ಷ. ಮನೇಲಿ ಅಪ್ಪನ ಮಾತೇ ಎತ್ತೋ ಹಾಗಿರಲಿಲ್ಲ. ಊರೋರ ಪುಸ್ತಕಕ್ಕೆ ಬೆಂಕಿ ಇಟ್ಟು ಓಡಿದೋನು ಅಂತ ಚಿಕ್ಕಪ್ಪಂದಿರೇ ಆಡಿಕೊಳ್ತಿದ್ರು. ಅಮ್ಮ ಅವನ ಫೋಟೋ ಎಲ್ಲಾ ತೆಗೆದುಬಿಟ್ಲು. ನಾನು ಈ ವಿದ್ಯೆ ಯಾಕೆ ಕಲಿತೆ ಅಂದ್ಕೊಂಡ್ರಿ? ಅಪ್ಪ ಮಾಡಿದ್ದನ್ನ ತೊಳೆಯೋಣ ಅಂತ. ಅವನು ಸುಟ್ಟಿದ್ದನ್ನ ನಾನಾದ್ರೂ ಸರಿ ಮಾಡೋಣ ಅಂತ." ಆಕೆ ಪುಟದ ಮೇಲಿಂದ ಕೈ ಹಿಂದಕ್ಕೆ ತೆಗೆದುಕೊಂಡರು. "ಅವನ ಕೈ ಉಳಿದಿದ್ದು ಇಷ್ಟೇ ಜಾಗದಲ್ಲಿ. ಅದರಲ್ಲಿ ಒಂಬತ್ತನ್ನ ನಾನೇ ಒರೆಸಿದೆ."

"ಮಸಿ ಮಸಿಯೇ ಮೇಡಂ," ಎಂದರು ನಿರ್ದೇಶಕರು. ಅವರಿಗೆ ಬೇಸರವಾಗಿತ್ತು, ಆದರೆ ಅಭ್ಯಾಸದ ಮಾತೇ ಬಾಯಿಗೆ ಬಂತು.

"ಎರಡು ಸಲ ನಿಮ್ಮ ಹತ್ರ ಬಂದೆ ಸಾರ್. ಎರಡು ಸಲಾನೂ ಇದೇ ಅಂದ್ರಿ. ಫಲಕ ಅಚ್ಚಾಗಿದೆ ಅಂದ್ರಿ." ಆಕೆ ಇನ್‌ಸ್ಪೆಕ್ಟರರ ಕಡೆ ತಿರುಗಿದರು. "ಬೆಂಕಿ ಅವನ ಸ್ಟವ್‌ನಿಂದಲೇ ಹತ್ತಿರಬಹುದು. ನನಗೆ ಗೊತ್ತಿಲ್ಲ. ಆದ್ರೆ ಓಡಿ ಹೋಗೋನು ಪುಸ್ತಕ ಎತ್ತಲ್ಲ. ಅವನು ಓಡಿರಲಿಲ್ಲ ಸಾರ್. ಕೊನೇವರೆಗೂ ಇಲ್ಲೇ ಇದ್ದ."

"ಫೋಟೋ ತೆಗೆದಿಟ್ಟಿದ್ರೆ ಸಾಕಿತ್ತಲ್ಲ?"

"ತೆಗೆದಿದ್ದೀನಿ. ಪುಸ್ತಕವೇ ತೊಳೆದುಹೋದ ಮೇಲೆ ಮಗಳು ಕಂಪ್ಯೂಟರಲ್ಲಿ ಮಾಡಿಕೊಂಡಿದ್ದು ಅಂತಾರೆ."

"ಕದ್ದು ಮನೇಲಿಟ್ಟುಕೊಳ್ಳಬಹುದಿತ್ತು. ಹಲಗೆ ಯಾಕಿಟ್ರಿ? ಬೇಕಂತಲೇ ಸಿಕ್ಕಿಬಿದ್ದ ಹಾಗಾಯ್ತು."

ಆಕೆ ಬಾಯಿ ತೆರೆಯುವ ಮುಂಚೆಯೇ ನಿರ್ದೇಶಕರು ಮುಂದೆ ಬಂದರು. "ಇನ್‌ಸ್ಪೆಕ್ಟ್ರೇ, ಏನೋ ಆಗಬಾರದ್ದು ಆಗಿದೆ. ಪುಸ್ತಕ ಸಿಕ್ತು. ಸಂಜೆಯೊಳಗೆ ಲ್ಯಾಬಿಗೆ ಕಳಿಸಿಬಿಡಿ. ಬೇರೆಯವರು ತೊಳೀತಾರೆ, ಮುಂದಿನ ತಿಂಗಳು ಉದ್ಘಾಟನೆ ಇದೆ."

"ಆಗಲ್ಲ ಸಾರ್," ಎಂದರು ಇನ್‌ಸ್ಪೆಕ್ಟರ್. "ಇವು ಈಗ ಮುದ್ದೆಮಾಲು. ಕೋರ್ಟಿನ ಆಸ್ತಿ. ಕೇಸ್ ಮುಗಿಯೋವರೆಗೆ ಹೇಗಿವೆಯೋ ಹಾಗೇ ಇರಬೇಕು. ತೊಳೆಯೋದಿರಲಿ, ಒಂದು ಧೂಳಿನ ಕಣ..."

ಅವರ ಮಾತು ಅಲ್ಲಿಗೆ ನಿಂತಿತು. ಆಗಷ್ಟೇ ಅವರಿಗೆ ಎಫ್‌ಐಆರಿನ ಆ ಎರಡು ಪ್ರಶ್ನೆಗಳು ಅರ್ಥವಾದವು. ಅವರು ನಿಧಾನಕ್ಕೆ ಮುಖ್ಯಸ್ಥೆಯ ಮುಖ ನೋಡಿದರು.

"ಮುಂಚೆ ಒಂದು ಖೋಟಾ ಉಯಿಲಿನ ಕೇಸಲ್ಲಿ ನಿಮ್ಮ ಇಲಾಖೆಯವರು ನಮ್ಮ ಲ್ಯಾಬಿಗೆ ಒಂದು ಕಾಗದ ತಂದಿದ್ರು," ಎಂದರು ಆಕೆ. "ಚಹಾ ಕಲೆ ಇತ್ತು. ಒರೆಸಲಾ ಅಂದೆ. ಮುಟ್ಟಿದ್ರೆ ನಿಮ್ಮನ್ನೇ ಒಳಗೆ ಹಾಕ್ತೀವಿ ಅಂದ್ರು."

ಪಂಚನಾಮೆ ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಬೆರಳಚ್ಚು ತಜ್ಞೆ ಬಂದು ಹಲಗೆಯ ಹೆಬ್ಬೆರಳನ್ನೂ ಪುಟದ ಹೆಬ್ಬೆರಳನ್ನೂ ಭೂತಗನ್ನಡಿಯಡಿ ಇಟ್ಟು ನೋಡಿದರು, ಒಂದೇ ಎಂದರು, ವರದಿಯಲ್ಲಿ ಹಾಗೇ ಬರೆಯುತ್ತೇನೆ ಎಂದರು. ನಲವತ್ತು ವರ್ಷದ ನಂತರ ಆ ಅಟೆಂಡರ್ ಬೆಂಕಿಯೊಳಗೆ ಪುಸ್ತಕ ಹಿಡಿದು ನಿಂತಿದ್ದನೆಂದು ಮೊದಲ ಬಾರಿಗೆ ಸರ್ಕಾರಿ ಕಾಗದವೊಂದು ಹೇಳಿತು. ಗೊಣಗಪ್ಪ ಒಂದೊಂದೇ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅರಗು ಹಾಕಿದ. ಪುಟಕ್ಕೆ ಕೈ ತಾಗದಂತೆ ಅವನು ಪಟ್ಟ ಪಾಡು ನೋಡಿ ಲಾರಿ ಚಾಲಕನಿಗೆ ನಗು ಬಂತು. ಗೊಣಗಪ್ಪ ಗದರಿಸಿದ.

ಸಂಜೆ ಆರಕ್ಕೆ ಬಂಧನ. ಹಳೆಯ ಕಟ್ಟಡದ ಮೆಟ್ಟಿಲಿಳಿಯುವಾಗ ಆಕೆ ಕೇಳಿದರು.

"ಕೇಸ್ ಮುಗಿಯೋಕೆ ಎಷ್ಟು ವರ್ಷ ಆಗಬಹುದು ಸಾರ್?"

"ಹೇಳೋಕಾಗಲ್ಲ ಮೇಡಂ. ಎಂಟೋ ಹತ್ತೋ. ಶಿಕ್ಷೆಯಾಗಿ ನೀವು ಅಪೀಲು ಹಾಕಿದ್ರೆ ಇನ್ನೂ ಎಳೆಯುತ್ತೆ."

"ಅಪೀಲು ಹಾಕ್ತೀನಿ," ಎಂದರು ಆಕೆ.

ಬೇಗ ಮುಗಿಸಿಕೊಡಿ ಸ್ವಾಮೀ ಎಂದು ಅತ್ತವರನ್ನೇ ಕಂಡಿದ್ದ ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ತಾವೇ ತೆರೆದುಕೊಟ್ಟರು. ಠಾಣೆಗೆ ಹೋಗಿ ವರದಿ ಬರೆಯಲು ಕೂತಾಗ, ಕೃತ್ಯಕ್ಕೆ ಕಾರಣ ಎಂಬಲ್ಲಿ ಕೈ ತಾನಾಗಿ ಎಂದಿನಂತೆ 'ಹಣದಾಸೆ' ಎಂದು ಬರೆಯಿತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದರು: 'ತಂದೆಯ ಕೈ.' ಮೇಲಧಿಕಾರಿ ಇದೇನೆಂದು ಕೇಳುತ್ತಾರೆ, ಗೊತ್ತಿತ್ತು. ಕೇಳಿದರೆ ಹೇಳೋಣ ಎಂದುಕೊಂಡು ಸಹಿ ಹಾಕಿದರು.